ಫೋನ್ ಹಿಡ್ಕೊಂಡು ಕೂತಾಳ ಅನಬ್ಯಾಡ್ರಿ, ನೌಕರಿ ಹುಡುಕ್ಲಿಕ್ಕತ್ತಾಳ

ಹೋದ ಸಲ ಮೆಂತ್ಯೆದ ಹಿಟ್ಟಿನ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಮಾತಾಡಿದ್ರಿ. ಈ ಸಲದ್ದು ಅಡಗಿ ಮನಿ ವಿಷಯ ಅಲ್ಲ. ಆದ್ರ ನಮ್ಮ ಓಣ್ಯಾಗ ಹತ್ತು ಮನ್ಯಾಗ ಆರು ಮನಿಗೆ ಸಂಬಂಧ ಪಟ್ಟದ್ದು. ಡಿಗ್ರಿ ಮುಗಿಸಿ ಮನ್ಯಾಗ ಕೂತ ಹುಡುಗ-ಹುಡುಗೂರ ವಿಷಯ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಈಗಿನ ಕಾಲದಾಗ ಫೋನಿನ್ಯಾಗ, ಲ್ಯಾಪ್‌ಟಾಪಿನ್ಯಾಗ ನೌಕರಿ ಹುಡುಕೂದು ಅಂದ್ರ ಅದು ಪುರುಸೊತ್ತಿನ ಕೆಲಸ ಅಲ್ಲ, ಅದೇ ಒಂದು ನೌಕರಿ. ಪಗಾರ ಇಲ್ಲದ ನೌಕರಿ. ಅದನ್ನ ಮನಿ ಮಂದಿ ಕೆಲಸ ಅಂತ ಒಪ್ಕೋಬೇಕು. ಅದಕ್ಕ ಹೊತ್ತು ಕೊಡಬೇಕು, ಜಾಗಾ ಕೊಡಬೇಕು, ಬಾಗಲಾ ಹಾಕ್ಕೊಳ್ಳಿಕ್ಕೆ ಬಿಡಬೇಕು. ಹುಡುಗಿ ಇದ್ದ ಮನ್ಯಾಗಂತೂ ಇದು ಇನ್ನೂ ಜರೂರ ಅದ. ಯಾಕ ಅಂತ ಮುಂದ ಹೇಳ್ತೀನಿ.

ನಮ್ಮ ಕಾಲದಾಗ ನೌಕರಿ ಹುಡುಕೂದು ಎಲ್ಲಾರ ಕಣ್ಣಿಗೂ ಕಾಣ್ತಿತ್ತು. ನಾ ಪಿಯುಸಿ ಮುಗಿಸಿದಾಗ ನಮ್ಮ ಅಣ್ಣ ಮುಂಜಾನೆ ಪೇಪರ್ ಬಂದ ಕೂಡಲೆ ಜಾಹೀರಾತಿನ ಪುಟ ತಗದು ಪೆನ್ಸಿಲ್ಲಿಂದ ಗೋಲ ಹಾಕ್ತಿದ್ದ. ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ದ. ಪೋಸ್ಟಲ್ ಆರ್ಡರ್ ತರಲಿಕ್ಕೆ ಪೋಸ್ಟಿನ್ಯಾಗ ಪಾಳಿ ಹಚ್ಚತಿದ್ದ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ಇತ್ತು, ಅದನ್ನ ಮರೀಲಾರ್ದ ರಿನಿವಲ್ ಮಾಡಸ್ತಿದ್ದ. 1959ರ ಕಾಯ್ದೆ ಪ್ರಕಾರ ಸರಕಾರಿ ಕಚೇರಿಗಳು, 25 ಮತ್ತು ಅದಕ್ಕಿಂತ ಹೆಚ್ಚು ಮಂದಿ ಇದ್ದ ಖಾಸಗಿ ಸಂಸ್ಥೆಗಳು ತಮ್ಮ ಖಾಲಿ ಜಾಗಾ ಆ ಕಚೇರಿಗೆ ತಿಳಸಬೇಕಾಗಿತ್ತು. ಹಿಂಗಾಗಿ ಕಾರ್ಡಿಗೆ ಕಿಮ್ಮತ್ತಿತ್ತು. ಅಣ್ಣ ಇಸ್ತ್ರಿ ಅರಬಿ ಹಾಕ್ಕೊಂಡು, ಫೈಲ್ ಬಗಲಾಗ ಹಿಡ್ಕೊಂಡು ಹೊಂಟ್ರ ಓಣಿ ಮಂದಿಗೆಲ್ಲಾ ಗೊತ್ತಾಗ್ತಿತ್ತು, ಇಂವ ನೌಕರಿ ಹುಡುಕ್ಲಿಕ್ಕತ್ಯಾನ ಅಂತ. ಪೋಸ್ಟ್‌ಮನ್ ಸೈತ ಕೇಳ್ತಿದ್ದ, 'ಇವತ್ತರ ಕಾಲ್ ಲೆಟರ್ ಬಂತೇನೋ?' ಅಂತ.

ಈಗ ಅದೆಲ್ಲಾ ಆರಿಂಚಿನ ಫೋನಿನೊಳಗ ಹೋಗಿ ಕೂತದ. ಹೊರಗಿಂದ ನೋಡಿದವರಿಗೆ ರೀಲ್ಸ್ ನೋಡೂದೂ ಒಂದ, ಅರ್ಜಿ ತುಂಬೂದೂ ಒಂದ. ಎರಡಕ್ಕೂ ತಲಿ ಕೆಳಗ, ಹೆಬ್ಬೆಟ್ಟು ಮ್ಯಾಲೆ ಕೆಳಗ. ಹಿಂಗಾಗಿ ಅತ್ತಿ ಅಂತಾರ, 'ಇಡೀ ದಿನಾ ಫೋನ್ ಹಿಡ್ಕೊಂಡ ಕೂತಿರ್ತದ ಕೂಸು.' ಬಾಜೂಮನಿ ಕಾಕು ಅಂತಾರ, 'ಮನ್ಯಾಗ ಖಾಲಿ ಇದ್ದಾಳಲ್ಲಾ, ನಾಕ ಹಪ್ಪಳ ಲಟ್ಟಸಲಿಕ್ಕೆ ಕಳಸ್ರಿ.' ಖಾಲಿ ಅನ್ನೋ ಈ ಶಬ್ದ ಅದ ಅಲ್ರೀ, ಅದು ಹುಡುಗೂರ ಎದಿಗೆ ಎಷ್ಟು ಚುಚ್ಚತದ ಅಂತ ಅಂದವರಿಗೆ ಗೊತ್ತಾಗಂಗಿಲ್ಲ.

ನಮ್ಮ ಸಣ್ಣ ಮಗಳು ಬಿ.ಕಾಂ ಮುಗಿಸಿ ಎಂಟು ತಿಂಗಳಾತು. ಈ ಎಂಟು ತಿಂಗಳು ಆಕಿ ಏನೇನು ಮಾಡ್ತಾಳ ಅಂತ ನಾ ಬಾಜೂಕ ಕೂತು ನೋಡೀನಿ. ಪಿಯುಸಿ ಓದಿದ ನನಗ ಎಲ್ಲಾ ತಿಳೀತದ ಅಂತಲ್ಲ, ಆದ್ರ ಕೇಳಿ ಕೇಳಿ ತಿಳ್ಕೊಂಡೀನಿ. ನಿಮಗೂ ಹೇಳ್ತೀನಿ.

ನೌಕ್ರಿ ಡಾಟ್ ಕಾಮ್ ಅಂತ ಒಂದದ, 1997ರಿಂದ ಇದ್ದದ್ದು. ಲಿಂಕ್ಡ್‌ಇನ್ ಅಂತ ಇನ್ನೊಂದು, ಅದು 2003ರಾಗ ಶುರು ಆದದ್ದು. ಇವುಗಳೊಳಗ ಹೆಸರು ಹಚ್ಚಿದ ಕೂಡಲೆ ಯಾರೂ ಕರದು ನೌಕರಿ ಕೊಡಂಗಿಲ್ಲ. ಮೊದಲು ಕಲ್ತದ್ದು, ಬರೂದು, ಮಾಡಿದ್ದು ಎಲ್ಲಾ ಒಂದ ಪುಟದಾಗ ಹೊಂದಸಬೇಕು. ಭಾಳ ಕಂಪನಿಗಳೊಳಗ ಈ ಪುಟಾನ್ನ ಮೊದಲು ಮನಷ್ಯಾರು ಓದಂಗಿಲ್ಲ, ಒಂದು ಸಾಫ್ಟ್‌ವೇರ್ ಓದ್ತದ. ಜಾಹೀರಾತಿನ್ಯಾಗ ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಅಂತ ಇದ್ರ ಇಕಿ ಪುಟದಾಗೂ ಆ ಶಬ್ದ ಇರಬೇಕು. ಬರೇ 'ಲೆಕ್ಕಪತ್ರದ ಜ್ಞಾನ ಅದ' ಅಂತ ಬರದ್ರ ಆ ಯಂತ್ರ ಹಿಂದ ಸರಸಬಹುದು. ಹೂವಿನ ಅಂಚು, ಬಣ್ಣದ ಚೌಕ, ಫೋಟೋ ಅಂತ ಚಂದ ಮಾಡಲಿಕ್ಕೆ ಹೋದ್ರ ಅದಕ್ಕ ಓದಲಿಕ್ಕೂ ಬರಂಗಿಲ್ಲ. ಲಗ್ನದ ಬಯೋಡಾಟಾ ಬ್ಯಾರೆ, ಇದು ಬ್ಯಾರೆ. ಇಲ್ಲೆ ಗೋತ್ರ, ಎತ್ತರ, ಅಪ್ಪನ ಹೊಲ ಎಷ್ಟು ಎಕರೆ, ಯಾವುದೂ ಬೇಕಾಗಿಲ್ಲ.

ಒಂದು ಬರದಿಟ್ರ ಎಲ್ಲಾ ಕಡೆ ನಡೀತದ ಅಂತನೂ ಇಲ್ಲ. ಬ್ಯಾಂಕಿನ ಕೆಲಸಕ್ಕ ಒಂದು ಥರ, ಆಡಿಟ್ ಆಫೀಸಿಗೆ ಒಂದು ಥರ ತಿದ್ದಬೇಕು. ಮುಂಜಾನೆ ಎದ್ದು ಹೊಸಾ ಜಾಹೀರಾತು ನೋಡಬೇಕು. ಹಾಕಿದ ಒಂದೆರಡು ದಿನದೊಳಗ ಅರ್ಜಿ ಕೊಟ್ರ ಛಲೋ, ವಾರ ಬಿಟ್ಟು ಕೊಟ್ರ ಅಷ್ಟರಾಗ ನೂರಾರು ಮಂದಿ ಮುಂದ ನಿಂತಿರ್ತಾರ. ತನ್ನ ಮಾಹಿತಿ ಆಗಾಗ ಹೊಸಾದು ಮಾಡ್ತಿರಬೇಕು, ಇಲ್ಲಾಂದ್ರ ಕೆಳಗ ಹೋಗಿಬಿಡ್ತದ. ಆಮ್ಯಾಲೆ ಆನ್‌ಲೈನ್ ಪರೀಕ್ಷಾ. ಕ್ಯಾಮರಾ ಚಾಲೂ ಇರಬೇಕು, ಬಾಜೂಕ ಯಾರೂ ಬರಬಾರದು, ಅತ್ತಾಗ ಇತ್ತಾಗ ನೋಡಬಾರದು. ಅದು ಪಾಸಾದ ಮ್ಯಾಲೆ ವಿಡಿಯೋದಾಗ ಸಂದರ್ಶನ. ನಮ್ಮ ಮಗಳು ಒಂದು ನೋಟ್‌ಬುಕ್ಕಿನ್ಯಾಗ ಎಲ್ಲಾ ಬರದಿಟ್ಟಾಳ. ಇಲ್ಲೀತನಾ ನೂರಾ ನಲವತ್ತರ ಮ್ಯಾಲೆ ಅರ್ಜಿ. ಉತ್ತರ ಬಂದದ್ದು ಹದಿನೇಳು. ಫೋನಿನ್ಯಾಗ ಮಾತಾಡಿದ್ದು ಒಂಬತ್ತು. ಕಡೀತನಾ ಹೋದದ್ದು ಎರಡು. ಎರಡೂ ಆಗಲಿಲ್ಲ. ಅಕ್ಕಿಯೊಳಗಿನ ಹಳ್ಳ ಆರಸೂದನ್ನ ನಾವು ಕೆಲಸ ಅಂತೀವಿ, ಇದಕ್ಕ ಯಾಕ ಅನಬಾರದು?

ಈಗ ಹುಡುಗ-ಹುಡುಗಿ ಫರಕಿನ ಮಾತಿಗೆ ಬರ್ತೀನಿ. ಇಲ್ಲೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಡಿಗ್ರಿ ಆದ ಹುಡುಗ ಮನ್ಯಾಗ ಕೂತ್ರ ಏನಂತಾರ? 'ತಯಾರಿ ನಡಸ್ಯಾನ.' ಧಾರವಾಡದ ಸಪ್ತಾಪುರದಾಗ ಒಂದು ಖೋಲಿ, ಕೋಚಿಂಗ್ ಫೀ, ಲೈಬ್ರರಿ ಫೀ, ತಿಂಗಳಾ ಖಾನಾವಳಿ ರೊಕ್ಕ, ಎಲ್ಲಾ ಕೊಡ್ತಾರ. ನಮ್ಮ ಧಾರವಾಡ ಅಂತೂ ಈಗ ಪೇಢೆಕ್ಕಿಂತ ಕೋಚಿಂಗ್ ಕ್ಲಾಸಿಗೇ ಹೆಚ್ಚು ಹೆಸರಾಗ್ಯಾದ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಮೂರು ವರ್ಷ, ನಾಕು ವರ್ಷ ಓದಲಿಕ್ಕೂ ಬಿಡ್ತಾರ. ನಾ ಅದನ್ನ ತಪ್ಪು ಅನ್ನೂದಿಲ್ಲ. ಓದಲಿ, ಸಾಹೇಬ ಆಗಲಿ. ಆದ್ರ ಅದ ಮನ್ಯಾಗ ಡಿಗ್ರಿ ಆದ ಹುಡುಗಿ ಕೂತ್ರ ಆಕಿ 'ಕೆಲಸಕ್ಕ ಒದಗ್ತಾಳ.' ಮುಂಜಾನೆ ಚಹಾ ಆಕಿದು. ಅಜ್ಜಿ ಗುಳಿಗಿ ಆಕಿದು. ತಮ್ಮನ ಟಿಫಿನ್ ಡಬ್ಬಿ ಆಕಿದು. ಮಧ್ಯಾಹ್ನ ಯಾರರ ಬಂದ್ರ ಅವಲಕ್ಕಿ ಆಕಿದು. ಇದೆಲ್ಲಾ ಮುಗಿಸಿ ಸಂಜೀಕ ಲ್ಯಾಪ್‌ಟಾಪ್ ತಗದ್ರ ತಮ್ಮಗ ಗೇಮ್ ಆಡ್ಲಿಕ್ಕೆ ಬೇಕು. ಸಂದರ್ಶನ ನಡದಾಗ ಕುಕ್ಕರ್ ಸೀಟಿ ಹೊಡಿತದ, ಗ್ಯಾಸಿನ ಹುಡುಗ ಬಾಗಲಾ ಬಡಿತಾನ, ಹಿಂದಿಂದ ಯಾರರ 'ಏ, ಹಾಲು ಉಕ್ಕತು ನೋಡs' ಅಂತ ಒದರ್ತಾರ. ಆ ಕಡೆ ಕೂತವ ಏನು ತಿಳ್ಕೋಬೇಕು?

ಮನಿ ಕೆಲಸ ಮಾಡಬಾರದು ಅಂತ ನಾ ಹೇಳೂದಿಲ್ಲ. ಮನ್ಯಾಗ ಇದ್ದವರೆಲ್ಲಾ ಮಾಡಬೇಕು, ಗಂಡಸರೂ ಮಾಡಬೇಕು. ಆದ್ರ ಹೊತ್ತು ಕಟ್ಟಬೇಕು. ನಮ್ಮ ಮನ್ಯಾಗ ಮುಂಜಾನೆ ಹತ್ತರಿಂದ ಒಂದರತನಾ ಮಗಳನ್ನ ಯಾರೂ ಕರಿಯಂಗಿಲ್ಲ. ಆ ಹೊತ್ತಿನ್ಯಾಗ ಬಾಗಲಾ ಬಡದ್ರ ನಾ ಹೋಗ್ತೀನಿ, ಇಲ್ಲಾ ನಮ್ಮ ಮನಿಯವರು ಹೋಗ್ತಾರ. ಸಂದರ್ಶನ ಇದ್ದ ದಿನಾ ಕುಕ್ಕರ್ ಎಂಟಕ್ಕ ಇಳದಿರ್ತದ. ಹಿಂದಿನ ಖೋಲಿ, ಹಿಂದ ಬಿಳೆ ಗ್ವಾಡಿ, ಕರೆಂಟ್ ಹೋದ್ರ ಅಂತ ಚಾರ್ಜ್ ಮಾಡಿಟ್ಟ ಫೋನು. ಇದಕ್ಕ ರೊಕ್ಕ ಹತ್ತಂಗಿಲ್ಲ. ಮನಸ್ಸು ಮಾಡಿದ್ರ ಸಾಕು.

ಇನ್ನೊಂದು ಮಾತು, ಸಣ್ಣದು ಅನಸ್ತದ, ಆದ್ರ ಭಾಳ ದೊಡ್ಡದು. ಹುಡುಗಿ ಹೆಸರಿಲೆ ಆಕೀದ ಒಂದು ಫೋನ್ ನಂಬರ್ ಇರಬೇಕು. ಎಷ್ಟ ಮನ್ಯಾಗ ಅರ್ಜಿಯೊಳಗ ಅಪ್ಪನ ನಂಬರ್ ಕೊಟ್ಟಿರ್ತಾರ. ಓಟಿಪಿ ಅಪ್ಪಗ ಬರ್ತದ, ಅಪ್ಪ ಹೊಲದಾಗ ಇರ್ತಾನ ಇಲ್ಲಾ ಅಂಗಡ್ಯಾಗ. ಕಂಪನಿಯವರು ಫೋನ್ ಮಾಡಿದ್ರ ಅಪ್ಪ ಎತ್ತಿ 'ಯಾರ್ರೀ? ಏನ್ ಬೇಕಾಗಿತ್ತು?' ಅಂತ ಜಬರದಸ್ತ ಕೇಳ್ತಾನ, ಅವರು ಇಟ್ಟುಬಿಡ್ತಾರ. ಲಗ್ನ ಆಗಿ ಬ್ಯಾರೆ ಊರಿಗೆ ಹೋದ್ರೂ ಆ ನಂಬರ್, ಆ ಇಮೇಲ್ ಆಕಿ ಜೋಡಿ ಹೋಗಬೇಕು. ಇಮೇಲ್ ಹೆಸರೂ ನೆಟ್ಟಗ ಇರಬೇಕು. 'ಸ್ವೀಟ್ ಏಂಜಲ್' ಅಂತ ಸಾಲ್ಯಾಗಿದ್ದಾಗ ಮಾಡಿದ ಇಮೇಲಿನಿಂದ ಅರ್ಜಿ ಕಳಸೂದು ಛಲೋ ಕಾಣಂಗಿಲ್ಲ.

ಕಾಗದಪತ್ರದ ಕೆಲಸದಾಗ ತಾಯಂದಿರು ನಾವು ಖರೇನ ಸಹಾಯ ಮಾಡಬಹುದು. ನಮ್ಮ ಕಡೆ ಹೆಸರಿನ ಗೊಂದಲ ಎಲ್ಲಾರ ಮನ್ಯಾಗೂ ಅದ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ್ಯಾಗ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಆಧಾರಿನ್ಯಾಗ ಅಡ್ಡಹೆಸರು ಮೊದಲು. ಪ್ಯಾನ್ ಕಾರ್ಡಿನ್ಯಾಗ ಒಂದಕ್ಷರ ಹೆಚ್ಚು. ನೌಕರಿ ಸಿಕ್ಕ ಮ್ಯಾಲೆ ಕಾಗದ ತಪಾಸ ಮಾಡುವಾಗ ಇದರ ಸಂಬಂಧ ತಿಂಗಳಗಟ್ಟಲೆ ಓಡಾಡಬೇಕಾಗ್ತದ. ಅದಕ್ಕ ಮೊದಲ ಎಲ್ಲಾ ಮುಂದಿಟ್ಕೊಂಡು ಎಸ್ಸೆಸ್ಸೆಲ್ಸಿಯೊಳಗ ಹೆಂಗದನೋ ಹಂಗ ಉಳದದ್ದು ಸರಿ ಮಾಡಿಸಿಬಿಡ್ರಿ. ಡಿಜಿಲಾಕರ್ ಅಂತ ಕೇಂದ್ರ ಸರಕಾರದ್ದು 2015ರಿಂದ ಅದ. ಆಧಾರ್, ಮಾರ್ಕ್ಸ್ ಕಾರ್ಡ್ ಅದರಾಗ ತಗದು ಇಟ್ಕೊಂಡ್ರ ಝೆರಾಕ್ಸ್ ಅಂಗಡಿಗೆ ಓಡೂದು ತಪ್ಪತದ.

ಈಗ ಎಲ್ಲಾಕ್ಕಿಂತ ಮುಖ್ಯದ್ದು. ರೊಕ್ಕದ ಮಾತು.

ಯಾವ ಖರೇ ಕಂಪನಿನೂ ನೌಕರಿ ಕೊಡಲಿಕ್ಕೆ ರೊಕ್ಕ ಕೇಳಂಗಿಲ್ಲ. ಇದನ್ನ ಅಡಗಿ ಮನಿ ಗ್ವಾಡಿಗೆ ಬರದು ಹಚ್ರಿ. ರಿಜಿಸ್ಟ್ರೇಶನ್ ಫೀ ಅಂತ ಕೇಳಂಗಿಲ್ಲ, ಲ್ಯಾಪ್‌ಟಾಪಿಗೆ ಡಿಪಾಜಿಟ್ ಅಂತ ಕೇಳಂಗಿಲ್ಲ, ಟ್ರೇನಿಂಗ್ ಚಾರ್ಜ್ ಅಂತ, ಪೊಲೀಸ್ ವೆರಿಫಿಕೇಶನ್ ಅಂತ ಕೇಳಂಗಿಲ್ಲ. ಕೇಳಿದ್ರು ಅಂದ್ರ ಅದು ಮೋಸ. ಮನ್ಯಾಗ ಕೂತು ದಿನಾ ಎರಡು ಸಾವಿರ ಗಳಸ್ರಿ ಅಂತ ವಾಟ್ಸಾಪಿಗೆ ಬರ್ತದ. ಮೊದಲು ಏನೋ ಒಂದಕ್ಕ ಸ್ಟಾರ್ ಕೊಡು ಅಂತ ಹೇಳಿ ನೂರೈವತ್ತು ರೂಪಾಯಿ ಖರೇನ ಹಾಕ್ತಾರ. ನಂಬಿಕಿ ಬರ್ತದ. ಆಮ್ಯಾಲೆ 'ದೊಡ್ಡ ಟಾಸ್ಕಿಗೆ ನೀವು ಸಾವಿರ ಹಾಕ್ರಿ, ಹದಿನೈದು ನೂರು ಬರ್ತದ' ಅಂತಾರ. ಸಾವಿರ ಹೋಗಿ ಹತ್ತು ಸಾವಿರ ಆಗ್ತದ, ಹಾಕಿದ್ದು ತಗೀಲಿಕ್ಕೆ ಮತ್ತ ಹಾಕು ಅಂತಾರ. ಇನ್ನ ಡೇಟಾ ಎಂಟ್ರಿ ಕೆಲಸ ಅಂತ ಹೇಳಿ, ಆಮ್ಯಾಲೆ 'ನೀನು ಕೆಲಸ ತಪ್ಪು ಮಾಡೀದಿ, ಒಪ್ಪಂದ ಮುರದೀದಿ, ಕೋರ್ಟಿನ ನೋಟೀಸು' ಅಂತ ಹೆದರಿಸಿ ವಸೂಲಿ ಮಾಡೋವ್ರೂ ಇದ್ದಾರ. ಅಂಥಾ ನೋಟೀಸಿಗೆ ಹೆದರಬ್ಯಾಡ್ರಿ, ರೊಕ್ಕ ಕೊಡಬ್ಯಾಡ್ರಿ.

ನಮಗ ಪರಿಚಯದ ಒಂದು ಮನಿ. ಊರು, ಹೆಸರು ಹೇಳಂಗಿಲ್ಲ. ಹುಡುಗಿ ಬಿ.ಎಸ್ಸಿ. ಎರಡು ವರ್ಷ ಆಗಿತ್ತು ಮನ್ಯಾಗ. ಲಗ್ನಕ್ಕ ಬಂದವರು, ಮುಂಜಿವಿಗೆ ಬಂದವರು, ಗುಡಿಯೊಳಗ ಭೆಟ್ಟಿ ಆದವರು, ಎಲ್ಲಾರದೂ ಒಂದ ಪ್ರಶ್ನೆ: 'ಇನ್ನೂ ಸಿಗಲಿಲ್ಲೇನ?' ಒಂದಿನಾ ಒಂದು ದೊಡ್ಡ ಕಂಪನಿ ಹೆಸರಿಲೆ ಆಫರ್ ಲೆಟರ್ ಬಂತು. ಮೊಹರು, ಸಹಿ, ಎಲ್ಲಾ ಇತ್ತು. ನಲವತ್ತು ಸಾವಿರ ಡಿಪಾಜಿಟ್, ಮೊದಲ ಪಗಾರದ ಜೋಡಿ ವಾಪಸ್. ಹುಡುಗಿ ಯಾರಿಗೂ ಹೇಳಲಾರ್ದ ತನ್ನ ಕಿವ್ಯಾಗಿನ ಬಂಗಾರ ಅಡಾ ಇಟ್ಟು ಕಳಿಸಿದ್ಲು. 'ಒಮ್ಮೆಲೆ ನೌಕರಿ ಸಿಕ್ತು ಅಂತ ಹೇಳಬೇಕಂತಿದ್ದೆ' ಅಂತ ಆಮ್ಯಾಲೆ ಅಳಕೋತ ಹೇಳಿದ್ಲಂತ. ಮನಿಯವರು ಮಾನ ಹೋಗ್ತದ ಅಂತ ಪೊಲೀಸರಿಗೆ ತಿಳಸಲಿಲ್ಲ.

ಇಲ್ಲೆ ತಪ್ಪು ಮೋಸಗಾರಂದು, ಹುಡುಗೀದಲ್ಲ. ಆದ್ರ ಮೋಸಗಾರಗ ಬಂಡವಾಳ ಎಲ್ಲಿಂದ ಬಂತು ಅಂತ ವಿಚಾರ ಮಾಡ್ರಿ. 'ಇನ್ನೂ ಸಿಗಲಿಲ್ಲೇನ' ಅನ್ನೋ ಮಾತs ಅವನ ಬಂಡವಾಳ. ನಾಕು ಮಂದಿ ಮುಂದ ತಲಿ ಎತ್ತಬೇಕು ಅನ್ನೋ ಅವಸರ ಇದ್ದವರಿಗೆ ಖೊಟ್ಟಿ ಕಾಗದನೂ ಖರೇ ಕಾಣ್ತದ. ನಾವು ಕೇಳೂದು ಬಿಟ್ರ ಅವನ ಧಂಧೆ ಅರ್ಧಾ ಬಂದ್ ಆಗ್ತದ. ಹುಡುಗೂರು ಇಂಥಾದ್ದು ಬಂದಾಗ ಓಡಿ ಬಂದು ಅವ್ವಗ ತೋರಸಬೇಕು, ಮುಚ್ಚಿಡಬಾರದು. ಅಷ್ಟು ಧೈರ್ಯ ಮನ್ಯಾಗ ಕೊಡೂದು ನಮ್ಮ ಕೈಯಾಗ ಅದ.

ತಪಾಸ ಮಾಡೂದು ಹೆಂಗ ಅಂದ್ರ, ಒಂದು, ಇಮೇಲ್ ಎಲ್ಲಿಂದ ಬಂದದ ನೋಡ್ರಿ. ದೊಡ್ಡ ಕಂಪನಿ ಅಂತ ಹೇಳಿ ಜಿಮೇಲಿನಿಂದ ಬಂದಿದ್ರ ಸಂಶಯ ಪಡ್ರಿ. ಎರಡು, ಆ ಕಂಪನೀದ ಸ್ವಂತ ವೆಬ್‌ಸೈಟಿಗೆ ಹೋಗಿ ಆ ಜಾಗಾ ಅಲ್ಲೆ ಅದ ಏನು ನೋಡ್ರಿ. ಮೂರು, ಕೇಂದ್ರ ಸರಕಾರದ ಕಂಪನಿ ವ್ಯವಹಾರಗಳ ಮಂತ್ರಾಲಯದ ವೆಬ್‌ಸೈಟಿನ್ಯಾಗ ಕಂಪನಿ ಹೆಸರು ಹಾಕಿದ್ರ ಅದು ನೋಂದಣಿ ಆಗ್ಯದೋ ಇಲ್ಲೋ ಕಾಣ್ತದ. ನಾಕು, ಸಂದರ್ಶನನ ಇಲ್ಲದ ನೌಕರಿ ಬಂದ್ರ ಹಬ್ಬಾ ಮಾಡಬ್ಯಾಡ್ರಿ, ಹೆದರ್ರಿ. ಅಕಸ್ಮಾತ್ ರೊಕ್ಕ ಹೋತು ಅಂದ್ರ ಆ ಕ್ಷಣಕ್ಕ 1930ಕ್ಕ ಫೋನ್ ಮಾಡ್ರಿ, ಬ್ಯಾಂಕಿಗೂ ತಿಳಸ್ರಿ. ಎಷ್ಟು ಲಗೂ ತಿಳಸ್ತೀರೋ ಅಷ್ಟು ರೊಕ್ಕ ತಡೀಲಿಕ್ಕೆ ಅನುಕೂಲ. ಅದರಾಗ ಮಾನ ಹೋಗೋ ಮಾತಿಲ್ಲ. ಕಳವಾದವರಿಗೆ ಯಾತರ ನಾಚಿಕಿ?

ಪರದೇಶದ ನೌಕರಿ ಅಂತ ಬಂದ್ರಂತೂ ಎರಡು ಸಲ ವಿಚಾರ ಮಾಡ್ರಿ. ಡೇಟಾ ಎಂಟ್ರಿ, ಕಂಪ್ಯೂಟರ್ ಕೆಲಸ ಅಂತ ಹೇಳಿ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸಿಗೆ ಕರಕೊಂಡು ಹೋಗಿ, ಪಾಸ್‌ಪೋರ್ಟ್ ಕಸ್ಕೊಂಡು, ಅಲ್ಲಿಂದ ಬ್ಯಾರೆಯವರಿಗೆ ಮೋಸ ಮಾಡೋ ಕೆಲಸಕ್ಕ ಹಚ್ಚಿದ ಪ್ರಕರಣ ಪೇಪರಿನ್ಯಾಗ ಓದೀರಿ. 2022ರಾಗ ವಿದೇಶಾಂಗ ಮಂತ್ರಾಲಯ ಇದರ ಸಂಬಂಧ ಎಚ್ಚರಿಕಿನೂ ಕೊಟ್ಟದ. ಸರಕಾರದಾಗ ನೋಂದಣಿ ಆದ ಏಜೆಂಟರ ಹೆಸರು ಇ-ಮೈಗ್ರೇಟ್ ಅನ್ನೋ ವೆಬ್‌ಸೈಟಿನ್ಯಾಗ ಇರ್ತಾವ. ನಿಯಮದ ಪ್ರಕಾರ ಅವರು ತಗೋಬೇಕಾದ್ದು ಹೆಚ್ಚಂದ್ರ 30,000 ರೂಪಾಯಿ, ಮ್ಯಾಲೆ ಜಿಎಸ್‌ಟಿ. ಎರಡು ಲಕ್ಷ, ಮೂರು ಲಕ್ಷ ಕೇಳಿದ್ರ ಬಾಗಲಾ ತೋರಸ್ರಿ.

ಹೆದರಸೂದ ಆತು, ಇನ್ನ ಛಲೋ ಬಾಗಲಾನೂ ಅವ. ಕೇಂದ್ರ ಸರಕಾರದ ನ್ಯಾಷನಲ್ ಕರಿಯರ್ ಸರ್ವೀಸ್ 2015ರಿಂದ ಅದ, ಪುಕ್ಕಟೆ. ಕರ್ನಾಟಕದ್ದೇ ಸ್ಕಿಲ್ ಕನೆಕ್ಟ್ ಅಂತ ಒಂದದ. ನೌಕರಿಗಿಂತ ಮೊದಲು ಕೆಲಸ ಕಲೀಬೇಕು ಅನ್ನೋವ್ರಿಗೆ ಅಪ್ರೆಂಟಿಸ್ ಅದ. 2019ರ ನಿಯಮದಾಗ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಮಾಡಿದ್ರು. ಒಂದು ವರ್ಷ ಕೆಲಸ ಮಾಡಿದ್ರ 'ಅನುಭವ ಅದ ಏನು?' ಅಂತ ಕೇಳಿದವರಿಗೆ ಹೇಳಲಿಕ್ಕೆ ಒಂದು ಮಾತು ಸಿಗ್ತದ. ಹೊಸದಾಗಿ ಪಾಸಾದ ಹುಡುಗೂರಿಗೆ ಎಲ್ಲಾಕ್ಕಿಂತ ಕಾಡೂದು ಇದ ಪ್ರಶ್ನೆ. ಅನುಭವ ಇಲ್ಲದ ನೌಕರಿ ಇಲ್ಲ, ನೌಕರಿ ಇಲ್ಲದ ಅನುಭವ ಇಲ್ಲ.

ನಮ್ಮ ರಾಜ್ಯದ ಯುವನಿಧಿ ನಿಮಗೆಲ್ಲಾ ಗೊತ್ತಿದ್ದದ್ದು. 2024ರ ಜನವರಿ 12ಕ್ಕ ಶಿವಮೊಗ್ಗದಾಗ ಚಾಲೂ ಮಾಡಿದ್ರು. 2022-23ರಾಗ ಪಾಸಾದವರಿಂದ ಶುರು ಆತು. ಪಾಸಾಗಿ 180 ದಿನಾ ಆದ್ರೂ ನೌಕರಿ ಸಿಗದ, ಮುಂದ ಓದಲಿಕ್ಕೂ ಹೋಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚಂದ್ರ ಎರಡು ವರ್ಷ. ಸೇವಾ ಸಿಂಧುವಿನ್ಯಾಗ ಅರ್ಜಿ. ಇದರ ಬಗ್ಗೆ ನನ್ನದೊಂದು ಅಭಿಪ್ರಾಯ ಅದ. ಆ ರೊಕ್ಕ ಕಿರಾಣಿಗೆ, ಗ್ಯಾಸಿಗೆ ಹಾಕಬ್ಯಾಡ್ರಿ. ತೀರಾ ಅಡಚಣಿ ಇದ್ದ ಮನಿ ಬ್ಯಾರೆ. ಆಗೂವಂಥಾ ಮನ್ಯಾಗ ಅದು ಹುಡುಗಿ ಖಾತೆದಾಗನ ಇರಲಿ. ನೆಟ್ಟಿನ ರೀಚಾರ್ಜ್, ಪರೀಕ್ಷಾ ಫೀ, ಹುಬ್ಬಳ್ಳಿಗೆ ಹೋಗಿ ಬರೋ ಖರ್ಚು, ಒಂದು ಟ್ಯಾಲಿ ಕೋರ್ಸು, ಸಂದರ್ಶನಕ್ಕ ಒಂದು ಛಲೋ ಚೂಡಿ. ಕೊಟ್ಟದ್ದ ಅದಕ್ಕ ಅಲ್ಲೇನು?

ಕೆಲವರು ಹೇಳ್ತಾರ, 'ಖಾಸಗಿ ನೌಕರಿ ಅಂದ್ರ ಹದಿಮೂರು ಸಾವಿರ, ಹದಿನಾಕು ಸಾವಿರ. ಬೆಂಗಳೂರಾಗ ಪೀಜಿಗೇ ಅರ್ಧಾ ಹೋಗ್ತದ. ಅದಕ್ಕ ಯಾಕ ಕಳಸೂದು? ಮನ್ಯಾಗ ಆರಾಮ ಇರಲಿ.' ಲೆಕ್ಕ ಖರೇ ಅದ, ನಾ ಅಲ್ಲಗಳಿಯೂದಿಲ್ಲ. ಅಷ್ಟ ಪಗಾರಕ್ಕ ಹುಬ್ಬಳ್ಳಿ-ಧಾರವಾಡದಾಗ ಸಿಕ್ರ ಮನ್ಯಾಗಿದ್ದು ಮಾಡೂದು ಛಲೋ. ಮೊದಲು ಇಲ್ಲೇ ಹುಡುಕಲಿ. ಆದ್ರ ಮೊದಲ ಪಗಾರ ನೋಡಿ ನೌಕರಿ ಅಳೀಬ್ಯಾಡ್ರಿ. ಎರಡು ವರ್ಷ ಆದ ಮ್ಯಾಲೆ ಆಕಿಗೆ ಏನು ಬರ್ತದ, ಯಾರ ಪರಿಚಯ ಆಗ್ತದ, ಬ್ಯಾಂಕಿನ್ಯಾಗ ಆಕಿ ಹೆಸರಿಲೆ ಏನಿರ್ತದ, ಅದನ್ನ ನೋಡ್ರಿ. ಆರಾಮ ಅಂತ ಮನ್ಯಾಗ ಕೂಡಿಸಿದ ಹುಡುಗಿಗೆ ಆರಾಮ ಇರಂಗಿಲ್ಲ, ಆಕಿ ಮುಖಾ ನೋಡಿದ್ರ ತಿಳೀತದ.

ದೂರ ಕಳಸಲಿಕ್ಕೆ ಜೀವ ಹೆದರ್ತದ, ಅದೂ ನನಗ ಗೊತ್ತದ. ಹೆದರಿಕಿಗೆ ಉಪಾಯ ತಡಿಯೂದಲ್ಲ, ತಪಾಸ ಮಾಡೂದು. ಜೋಡಿ ಹೋಗಿ ಜಾಗಾ ನೋಡಿ ಬರ್ರಿ. ಪೀಜಿ ನೋಡ್ರಿ, ಬಸ್ ಎಷ್ಟು ಗಂಟೇತನಾ ಅವ ಕೇಳ್ರಿ. ಹತ್ತು ಮತ್ತು ಹತ್ತಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡೋ ಜಾಗಾದಾಗ ಹೆಣ್ಣಮಕ್ಕಳ ದೂರು ಕೇಳಲಿಕ್ಕೆ ಒಳಗ ಒಂದು ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳ್ತದ. ಆ ಸಮಿತಿ ಅದ ಏನು ಅಂತ ಹುಡುಗಿ ಕೇಳಬಹುದು. ಕೇಳೂದರಾಗ ಭಿಡೆ ಬ್ಯಾಡ.

ಈಗ ಕಡೀದು, ಎಲ್ಲಾಕ್ಕಿಂತ ನನ್ನ ಮನಸ್ಸಿಗೆ ಹತ್ತಿದ್ದು. 'ಆರು ತಿಂಗಳು ನೋಡೋಣ, ಸಿಗಲಿಲ್ಲಂದ್ರ ವರ ನೋಡಲಿಕ್ಕೆ ಶುರು ಮಾಡೋಣ.' ಈ ಮಾತು ಹುಡುಗಗ ಯಾರೂ ಹೇಳಂಗಿಲ್ಲ. ಹುಡುಗಗ ನೌಕರಿ ಸಿಗಲಿಲ್ಲಂದ್ರ ಲಗ್ನ ಮುಂದ ಹೋಗ್ತದ. ಹುಡುಗಿಗೆ ನೌಕರಿ ಸಿಗಲಿಲ್ಲಂದ್ರ ಲಗ್ನ ಹಿಂದ ಬರ್ತದ. ಇದು ಯಾವ ನ್ಯಾಯ? ಲಗ್ನ ಆಗಬೇಕು, ವಯಸ್ಸಿಗೆ ಸರಿಯಾಗಿ, ಆಕಿ ಮನಸ್ಸಿಗೆ ಬಂದಂಗ ಆಗಲಿ. ಆದ್ರ ನೌಕರಿ ಸಿಗಲಿಲ್ಲ ಅಂತ ಶಿಕ್ಷಾ ಕೊಟ್ಟಂಗ ಲಗ್ನ ಆಗಬಾರದು. ನೂರಾ ನಲವತ್ತು ಅರ್ಜಿ ಹಾಕಿದ ಹುಡುಗಿ ನೂರಾ ನಲವತ್ತೊಂದನೇದು ಹಾಕಲಿಕ್ಕೆ ಕೂತಾಗ, ಪಡಸಾಲ್ಯಾಗ ಆಕಿ ಫೋಟೋ ಯಾರ ಕೈಯಾಗೋ ಅದ ಅಂತ ಗೊತ್ತಾದ್ರ, ಆಕಿ ಏನು ಮನಸ್ಸಿಟ್ಟು ಬರೀತಾಳ?

ನಾವು ಹೆಣ್ಣಮಕ್ಕಳು ಇದರಾಗ ಇನ್ನೂ ಒಂದು ಕೆಲಸ ಮಾಡಬಹುದು. ಆನ್‌ಲೈನ್ ಎಷ್ಟ ಬಂದ್ರೂ, ಒಳಗಿದ್ದವರು ಒಂದು ಮಾತು ಹೇಳಿದ್ರ ಅರ್ಜಿ ಮುಂದ ಹೋಗ್ತದ. ಅದಕ್ಕ ರೆಫರಲ್ ಅಂತಾರ. ಅದು ವಶೀಲಿ ಅಲ್ಲ, ಪರೀಕ್ಷಾ-ಸಂದರ್ಶನ ಹುಡುಗಿನ ಪಾಸಾಗಬೇಕು. ಬರೇ ಆಕಿ ಪುಟ ಮನಷ್ಯಾರ ಕೈಗೆ ಮುಟ್ಟತದ ಅಷ್ಟ. ಯಾರ ಮಗ ಯಾವ ಕಂಪನ್ಯಾಗ ಇದ್ದಾನ, ಯಾರ ಸೊಸಿ ಯಾವ ಬ್ಯಾಂಕಿನ್ಯಾಗ ಇದ್ದಾಳ ಅಂತ ನಮಗ ಗೊತ್ತಿದ್ದಷ್ಟು ಲಿಂಕ್ಡ್‌ಇನ್ನಿಗೂ ಗೊತ್ತಿರ್ಲಿಕ್ಕಿಲ್ಲ. ಅರಿಷಿಣ ಕುಂಕುಮಕ್ಕ ಕೂಡಿದಾಗ ಸೀರಿ ರೇಟ್ ಕೇಳ್ತೀವಿ, ಇದನ್ನೂ ಕೇಳೋಣ.

ನಮ್ಮ ಮಗಳಿಗೆ ಇನ್ನೂ ನೌಕರಿ ಸಿಕ್ಕಿಲ್ಲ. ಸಿಕ್ಕ ಮ್ಯಾಲೆ ಬರದಿದ್ರ ಮಂದಿ ಛಂದ ಕೇಳ್ತಿದ್ರು ಅಂತ ನಮ್ಮ ಮನಿಯವರು ಅಂದ್ರು. ನಾ ಈಗನ ಬರೀಬೇಕು ಅಂದೆ. ಸಿಕ್ಕ ಮ್ಯಾಲೆ ಎಲ್ಲಾರೂ ಪೇಢೆ ತಿನ್ನಲಿಕ್ಕೆ ಬರ್ತಾರ, ಸಿಗೂತನಾ ಯಾರು ಜೋಡಿ ಇರ್ತಾರ ಅನ್ನೂದು ಮುಖ್ಯ. ದಸರಾಕ್ಕ ಬನ್ನಿ ಕೊಡಲಿಕ್ಕೆ ಮನಿ ಮನಿಗೆ ಹೋಗ್ತೀವಿ. ಈ ಸಲ ಡಿಗ್ರಿ ಆದ ಹುಡುಗೂರ ಕೈಯಾಗ ಬನ್ನಿ ಕೊಟ್ಟಾಗ 'ನೌಕರಿ ಸಿಕ್ತೇನ?' ಅನಬ್ಯಾಡ್ರಿ. 'ಯಾವ ಥರದ ಕೆಲಸ ಹುಡುಕ್ಲಿಕ್ಕತ್ತೀವಾ? ನಮ್ಮ ಕಡೆ ಯಾರರ ಇದ್ದಾರೇನು ನೋಡ್ತೀನಿ' ಅನ್ರಿ. ನಮ್ಮ ಮನಿಗೂ ಬರ್ರಿ. ಹತ್ತರಿಂದ ಒಂದರೊಳಗ ಬಂದ್ರ ಬಾಗಲಾ ಹಗೂರ್ಕ ಬಡೀರಿ.